ಯೋಧನ ಮನೆಯ ಮಕ್ಕಳು ಓದಲಿ



ನಮ್ಮ ಕಂಪ್ಲಿ ಸೀಮೆ ಹೆಸರಾದದ್ದು ಭತ್ತ, ಕಬ್ಬು, ಬಾಳೆಯಿಂದ ಮಾತ್ರ ಅಲ್ಲ. ಇದು ವೀರರ ಸೀಮೆ. ಗಂಡುಗಲಿ ಕುಮಾರರಾಮನ ಕಥೆ ನಿಮಗೆಲ್ಲ ಗೊತ್ತು. ಅವನ ತಂದೆ ಕಂಪಿಲರಾಯ ಆಳಿದ್ದು ಈ ನೆಲವನ್ನೇ. ಸುಮಾರು 1327ರಲ್ಲಿ ದೆಹಲಿ ಸುಲ್ತಾನನ ದೊಡ್ಡ ಸೈನ್ಯ ಬಂತು. ತಂದೆ ಮಗ ಇಬ್ಬರೂ ತಲೆಬಾಗಲಿಲ್ಲ. ಹೋರಾಡಿ ಮಡಿದರು.

ಹಂಪಿಗೆ ಹೋದಾಗ, ಹೊಲದ ಬದುವಿನಲ್ಲಿ, ಗುಡಿಯ ಮುಂದೆ, ನೀವು ವೀರಗಲ್ಲು ನೋಡಿರಬಹುದು. ಕಲ್ಲಿನ ಕೆಳಭಾಗದಲ್ಲಿ ಕಾದಾಟ. ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯುವ ಚಿತ್ರ. ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಸತ್ತವನಿಗೆ ಕಲ್ಲು ನಿಲ್ಲಿಸಿದರು, ಸರಿ. ಉಳಿದವರ ಗತಿ ಏನು? ಹೆಂಡತಿ, ಮಕ್ಕಳು ಏನು ತಿನ್ನಬೇಕು?

ಅದಕ್ಕೂ ಆಗಿನ ಕಾಲದಲ್ಲಿ ದಾರಿ ಇತ್ತು. ಮಡಿದವನ ಮನೆಯವರಿಗೆ ರಾಜರು, ಊರಿನವರು ಭೂಮಿ ಬಿಟ್ಟುಕೊಡುತ್ತಿದ್ದರು. ಅದಕ್ಕೆ ‘ನೆತ್ತರುಗೊಡಗೆ’ ಅಂತ ಹೆಸರು. ನೆತ್ತರು ಅಂದರೆ ರಕ್ತ. ಕೊಡಗೆ ಅಂದರೆ ಕೊಟ್ಟದ್ದು. ರಕ್ತ ಸುರಿಸಿದ್ದಕ್ಕೆ ಕೊಟ್ಟ ಭೂಮಿ ಅದು. ಅದನ್ನು ಯಾರೂ ಭಿಕ್ಷೆ ಅನ್ನಲಿಲ್ಲ. ಊರು ತೀರಿಸಿದ ಋಣ ಅಂದರು.

ಈಗ ರಾಜರಿಲ್ಲ. ಸರ್ಕಾರ ಇದೆ. ಸೈನಿಕನ ಮನೆಗೆ ಸರ್ಕಾರ ಪಿಂಚಣಿ ಕೊಡುತ್ತದೆ. ಅದು ಎಲ್ಲರಿಗೂ ಗೊತ್ತು. ಆದರೆ ಮಕ್ಕಳ ಓದಿಗೂ ದುಡ್ಡು ಕೊಡುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಈ ಪಾಠ ಅದರ ಬಗ್ಗೆ.

ಕರೀ ಟ್ರಂಕಿನ ಕಥೆ

ನಮ್ಮ ಸಂಜೆ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಿದ್ದರು. ಹಗಲೆಲ್ಲ ಭತ್ತದ ನಾಟಿ, ಕಳೆ. ಸಂಜೆ ಸ್ಲೇಟು. ಅವರ ಗಂಡ ಸೈನ್ಯದಲ್ಲಿ ನಾಯಕ್ ಆಗಿದ್ದವರು. ಸೇವೆ ಮುಗಿಸಿ ಪಿಂಚಣಿ ಮೇಲೆ ಊರಿಗೆ ಬಂದರು. ಕೆಲವು ವರ್ಷದ ಮೇಲೆ ಕಾಯಿಲೆಯಿಂದ ತೀರಿಕೊಂಡರು. ಮಗಳು ಪಿಯುಸಿ, ಮಗ ಎಂಟನೆಯ ತರಗತಿ.

ಒಂದು ದಿನ ಪಾಠ ಮುಗಿದ ಮೇಲೆ ಅಕ್ಕ ಹೊರಡಲಿಲ್ಲ. ಸುಮ್ಮನೆ ಕೂತರು.

“ಯಾಕಕ್ಕ, ಮನಿಗೆ ಹೋಗಲ್ಲೇನು?” ಅಂದೆ.

“ಮಗಳು ನರ್ಸಿಂಗ್ ಓದ್ತೀನಿ ಅಂತಾಳ್ರಿ ಅಕ್ಕೋರೆ. ನಮ್ಮ ಅಣ್ಣ, ಅಷ್ಟು ದುಡ್ಡು ಎಲ್ಲಿಂದ ತರ್ತಿ, ಮದುವಿ ಮಾಡಿ ಕಳಸು ಅಂತಾನ. ನನಗ ಏನೂ ತಿಳೀವಲ್ದು.”

“ಮಾರ್ಕ್ಸು ಎಷ್ಟು ಬಂದಾವ?”

“ನೂರಕ್ಕ ಅರವತ್ನಾಕು ಅಂತ್ರಿ.”

“ನಿಮ್ಮ ಮನೆಯವರ ಕಾಗದ ಎಲ್ಲಿ ಅದಾವ?”

“ಟ್ರಂಕಿನಾಗ ಅದಾವ್ರಿ. ಅವರು ಹೋದಮ್ಯಾಲೆ ತೆಗೆದೇ ಇಲ್ಲ.”

ಮಾರನೆಯ ದಿನ ನಾನು ಅವರ ಮನೆಗೆ ಹೋದೆ. ಕರೀ ಬಣ್ಣದ ತಗಡಿನ ಟ್ರಂಕು. ಮೇಲೆ ಬಿಳೀ ಬಣ್ಣದಲ್ಲಿ ನಂಬರು, ಹೆಸರು ಬರೆದಿತ್ತು. ಅಕ್ಕ ಬೆರಳಿಟ್ಟು ನಂಬರನ್ನು ಒಂದೊಂದಾಗಿ ಓದಿದರು. ಅಷ್ಟು ವರ್ಷ ಆ ಟ್ರಂಕು ಅವರ ಮನೆಯಲ್ಲೇ ಇತ್ತು. ಅದರ ಮೇಲಿನ ಅಂಕಿ ಓದಿದ್ದು ಅದೇ ಮೊದಲು.

ಒಳಗೆ ಒಂದು ಪುಸ್ತಕ ಇತ್ತು. ಅದೇ ಡಿಸ್ಚಾರ್ಜ್ ಬುಕ್. ಸೇವೆ ಬಿಟ್ಟು ಬರುವಾಗ ಸೈನ್ಯ ಕೊಡುವ ಪುಸ್ತಕ. ಅದರಲ್ಲಿ ಸೈನಿಕನ ಹೆಸರು, ನಂಬರು, ದರ್ಜೆ, ಸೇವೆಯ ವರ್ಷ, ಹೆಂಡತಿ ಮಕ್ಕಳ ಹೆಸರು ಎಲ್ಲ ಇರುತ್ತದೆ.

ನೋಡಿದರೆ ಎರಡು ತೊಡಕು. ಒಂದು, ಮಗಳ ಹೆಸರು ಪುಸ್ತಕದಲ್ಲಿ ಒಂದು ಥರ, ಶಾಲೆಯ ದಾಖಲೆಯಲ್ಲಿ ಇನ್ನೊಂದು ಥರ. ಎರಡು, ಮಗನ ಹೆಸರು ಪುಸ್ತಕದಲ್ಲಿ ಇಲ್ಲವೇ ಇಲ್ಲ. ಅವನು ಹುಟ್ಟಿದ್ದು ಅಪ್ಪ ಸೇವೆ ಬಿಟ್ಟು ಬಂದ ಮೇಲೆ. ಯಾರೂ ಹೆಸರು ಸೇರಿಸಿರಲಿಲ್ಲ.

ಈ ಕಥೆ ಮುಂದೆ ಏನಾಯಿತು ಅಂತ ಕೊನೆಗೆ ಹೇಳುತ್ತೇನೆ. ಮೊದಲು ನೆರವು ಏನೇನಿದೆ ತಿಳಿಯೋಣ.

ಮಾಜಿ ಸೈನಿಕ ಅಂದರೆ ಯಾರು?

ಭೂಸೇನೆ, ನೌಕಾಪಡೆ, ವಾಯುಪಡೆ. ಈ ಮೂರರಲ್ಲಿ ಸೇವೆ ಮಾಡಿ ನಿವೃತ್ತಿಯಾಗಿ ಪಿಂಚಣಿ ಪಡೆಯುವವರು ಮಾಜಿ ಸೈನಿಕರು.

ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್‌ನಲ್ಲಿ ಇದ್ದವರ ಲೆಕ್ಕ ಬೇರೆ. ಅವರು ಕೇಂದ್ರದ ಗೃಹ ಇಲಾಖೆಗೆ ಸೇರಿದವರು. ಅವರ ಮಕ್ಕಳಿಗೂ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಇದೆ. ಆದರೆ ಅರ್ಜಿಯ ದಾರಿ ಬೇರೆ. 2022ರಲ್ಲಿ ಶುರುವಾದ ಅಗ್ನಿವೀರರ ನಿಯಮವೂ ಬೇರೆ. ನಾಲ್ಕು ವರ್ಷ ಮುಗಿಸಿ ಬಂದವರಿಗೆ ಆ ಯೋಜನೆಯಲ್ಲಿ ಪಿಂಚಣಿ ಇಲ್ಲ.

ಒಂದನೆಯ ನೆರವು: ಶಿಕ್ಷಣ ಅನುದಾನ

ಇದನ್ನು ದೆಹಲಿಯ ಕೇಂದ್ರೀಯ ಸೈನಿಕ ಮಂಡಳಿ ಕೊಡುತ್ತದೆ. ದುಡ್ಡು ಎಲ್ಲಿಂದ ಬರುತ್ತದೆ? ಪ್ರತಿ ವರ್ಷ ಡಿಸೆಂಬರ್ 7 ಸಶಸ್ತ್ರ ಪಡೆಗಳ ಧ್ವಜ ದಿನ. 1949ರಿಂದ ಈ ದಿನ ನಡೆಯುತ್ತಿದೆ. ಶಾಲೆ ಮಕ್ಕಳು ಚಿಕ್ಕ ಬಾವುಟ ಹಿಡಿದು ಬರುತ್ತಾರಲ್ಲ, ನೀವೂ ಒಂದು ರೂಪಾಯಿ, ಎರಡು ರೂಪಾಯಿ ಹಾಕಿರಬಹುದು. ಹಾಗೆ ಕೂಡಿದ ನಿಧಿಯಿಂದ ಇಂಥ ನೆರವು ಹೋಗುತ್ತದೆ.

ಯಾರಿಗೆ ಸಿಗುತ್ತದೆ? ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯವರ ಮಕ್ಕಳಿಗೆ. ಅಂದರೆ ಸಿಪಾಯಿ, ನಾಯಕ್, ಹವಾಲ್ದಾರ್. ನೌಕಾಪಡೆ, ವಾಯುಪಡೆಯಲ್ಲಿ ಇದಕ್ಕೆ ಸಮನಾದ ದರ್ಜೆಯವರಿಗೂ ಉಂಟು. ಒಂದನೆಯ ತರಗತಿಯಿಂದ ಡಿಗ್ರಿಯ ತನಕ. ಒಂದು ಮನೆಯಲ್ಲಿ ಇಬ್ಬರು ಮಕ್ಕಳಿಗೆ.

ಎಷ್ಟು ಸಿಗುತ್ತದೆ? ಮೊದಲು ಒಂದು ಮಗುವಿಗೆ ತಿಂಗಳಿಗೆ 1000 ರೂಪಾಯಿ ಇತ್ತು. 2025ರ ನವೆಂಬರ್ 1ರಿಂದ ಹಾಕಿದ ಅರ್ಜಿಗಳಿಗೆ ತಿಂಗಳಿಗೆ 2000 ರೂಪಾಯಿ ಅಂತ ಹೆಚ್ಚಿಸಿದ್ದಾರೆ.

ಬನ್ನಿ, ಲೆಕ್ಕ ಮಾಡೋಣ.

ಒಂದು ತಿಂಗಳಿಗೆ 2000.
12 ತಿಂಗಳಿಗೆ 24,000.
ಇಬ್ಬರು ಮಕ್ಕಳಿಗೆ 48,000.

ನಾಟಿ ಕೂಲಿ ಎಷ್ಟು ದಿನ ಮಾಡಿದರೆ ಇಷ್ಟು ದುಡ್ಡು ಆಗುತ್ತದೆ? ನಿಮ್ಮ ಕೂಲಿ ನಿಮಗೆ ಗೊತ್ತು. ನೀವೇ ಎಣಿಸಿ.

ಒಂದು ಮಾತು ನೆನಪಿಡಿ. ಮಗು ತರಗತಿ ಪಾಸಾದ ಮೇಲೆ, ಆ ಮುಗಿದ ವರ್ಷಕ್ಕೆ ಈ ಅರ್ಜಿ ಹಾಕಬೇಕು. ಆದ್ದರಿಂದ ಫಲಿತಾಂಶ ಬಂದ ಕೂಡಲೇ ಅಂಕಪಟ್ಟಿ ತಗೊಳ್ಳಿ. ಆಮೇಲೆ ನೋಡೋಣ ಅಂದರೆ ಅವಧಿ ಮುಗಿಯುತ್ತದೆ.

ಇನ್ನೊಂದು ಮಾತು. ಈ ನೆರವು ತಾಯಿಗೂ ಇದೆ. ಮಾಜಿ ಸೈನಿಕನ ವಿಧವೆ ಡಿಗ್ರಿ ಮುಗಿಸಿ ಎರಡು ವರ್ಷದ ಎಂ.ಎ. ಅಂಥ ಓದಿಗೆ ಸೇರಿದರೆ ಅವರಿಗೂ ಇದೇ ಅನುದಾನ ಸಿಗುತ್ತದೆ. ಗಂಡ ತೀರಿಕೊಂಡ ಹೆಣ್ಣುಮಕ್ಕಳು ವೃತ್ತಿ ತರಬೇತಿ ಪಡೆದರೆ ಅದಕ್ಕೂ ಮಂಡಳಿಯ ನೆರವು ಬೇರೆಯಾಗಿ ಇದೆ. “ನನಗೆ ಈ ವಯಸ್ಸಿನಾಗ ಯಾಕ ಓದು” ಅನ್ನಬೇಡಿ. ನಿಯಮ ಮಾಡಿದವರೇ ನಿಮ್ಮನ್ನು ನೆನೆದಿದ್ದಾರೆ.

ಎರಡನೆಯ ನೆರವು: ಪ್ರಧಾನಮಂತ್ರಿ ವಿದ್ಯಾರ್ಥಿವೇತನ

ಇದು 2006ರಲ್ಲಿ ಶುರುವಾಯಿತು. ವೃತ್ತಿ ಶಿಕ್ಷಣಕ್ಕೆ ಮಾತ್ರ. ಎಂಜಿನಿಯರಿಂಗ್, ವೈದ್ಯಕೀಯ, ಬಿ.ಎಸ್ಸಿ. ನರ್ಸಿಂಗ್, ಬಿ.ಫಾರ್ಮಾ, ಬಿ.ಎಡ್., ಬಿ.ಸಿ.ಎ., ಇಂಥವು. ಬರೀ ಬಿ.ಎ., ಬಿ.ಕಾಂ.ಗೆ ಇದು ಇಲ್ಲ. ಅವಕ್ಕೆ ಮೇಲೆ ಹೇಳಿದ ಶಿಕ್ಷಣ ಅನುದಾನ ಇದೆ.

ಹೆಣ್ಣುಮಕ್ಕಳಿಗೆ ತಿಂಗಳಿಗೆ 3000 ರೂಪಾಯಿ. ಗಂಡುಮಕ್ಕಳಿಗೆ 2500 ರೂಪಾಯಿ. ಹೌದು, ಹೆಣ್ಣುಮಕ್ಕಳಿಗೇ ಹೆಚ್ಚು! ವರ್ಷಕ್ಕೆ ಎಣಿಸಿದರೆ ಹೆಣ್ಣಿಗೆ 36,000, ಗಂಡಿಗೆ 30,000.

ದೇಶಕ್ಕೆಲ್ಲ ಸೇರಿ ವರ್ಷಕ್ಕೆ 5500 ಮಕ್ಕಳಿಗೆ ಕೊಡುತ್ತಾರೆ. ಅದರಲ್ಲಿ ಅರ್ಧ ಹೆಣ್ಣುಮಕ್ಕಳಿಗೇ ಮೀಸಲು. ಅಂದರೆ 2750.

ನಿಯಮಗಳು ಇವು:

ಪಿಯುಸಿಯಲ್ಲಿ, ಅಥವಾ ಆ ಓದಿಗೆ ಬೇಕಾದ ಹಿಂದಿನ ಪರೀಕ್ಷೆಯಲ್ಲಿ, ನೂರಕ್ಕೆ 60 ಅಂಕ ಬಂದಿರಬೇಕು.

ಕಾಲೇಜಿಗೆ ಸೇರಿದ ಮೊದಲ ವರ್ಷವೇ ಅರ್ಜಿ ಹಾಕಬೇಕು. ಎರಡನೆಯ ವರ್ಷ ನೆನಪಾದರೆ ಪ್ರಯೋಜನ ಇಲ್ಲ.

ಆಯ್ಕೆಯಾದ ಮೇಲೆ ಪ್ರತಿ ವರ್ಷ ನೂರಕ್ಕೆ 50 ಅಂಕ ಬರುತ್ತಿರಬೇಕು. ಆಗ ಓದು ಮುಗಿಯುವ ತನಕ ದುಡ್ಡು ಬರುತ್ತದೆ.

ಎಲ್ಲ ಅರ್ಜಿಗೂ ಸಿಗುತ್ತದೆ ಅಂತ ಇಲ್ಲ. ಯುದ್ಧದಲ್ಲಿ ಮಡಿದವರ ಮನೆಯವರಿಗೆ ಮೊದಲ ಜಾಗ. ಯುದ್ಧದಲ್ಲಿ ಅಂಗ ಕಳೆದುಕೊಂಡವರ ಮಕ್ಕಳಿಗೆ ಆಮೇಲೆ. ಹೀಗೆ ಆರು ವರ್ಗ ಇದೆ. ಸಾಮಾನ್ಯ ಮಾಜಿ ಸೈನಿಕರ ಮಕ್ಕಳು ಕೊನೆಯ ವರ್ಗದಲ್ಲಿ ಬರುತ್ತಾರೆ. ಅಲ್ಲಿ ಅಂಕ ನೋಡಿ ಆಯ್ಕೆ. ಆದರೂ ಅರ್ಜಿ ಹಾಕಲೇಬೇಕು. ಬಿತ್ತದೆ ಬೆಳೆ ಬರುತ್ತದೆಯೇ?

ಮೂರನೆಯ ನೆರವು: ಯುದ್ಧದಲ್ಲಿ ಮಡಿದವರ ಮಕ್ಕಳಿಗೆ

1971ರ ಯುದ್ಧ ಆದ ಮೇಲೆ ಸರ್ಕಾರ ಒಂದು ತೀರ್ಮಾನ ಮಾಡಿತು. ಯುದ್ಧದಲ್ಲಿ ಮಡಿದವರು, ಕಾಣೆಯಾದವರು, ಕಾಯಂ ಆಗಿ ಅಂಗವಿಕಲರಾದವರು, ಇವರ ಮಕ್ಕಳ ಶಾಲಾ ಕಾಲೇಜು ಶುಲ್ಕವನ್ನು ಸರ್ಕಾರವೇ ಕೊಡುವುದು. ಹಾಸ್ಟೆಲ್, ಪುಸ್ತಕ, ಸಮವಸ್ತ್ರಕ್ಕೂ ನೆರವು.

2017ರಲ್ಲಿ ಇದಕ್ಕೆ ತಿಂಗಳಿಗೆ 10,000 ರೂಪಾಯಿ ಅಂತ ಮಿತಿ ಹಾಕಿದರು. ದೇಶದಲ್ಲೆಲ್ಲ ಜನ ಕೇಳಿದರು, “ಅಪ್ಪನ ಪ್ರಾಣಕ್ಕೆ ಮಿತಿ ಇತ್ತೇನು?” ಅಂತ. 2018ರ ಮಾರ್ಚಿಯಲ್ಲಿ ಸರ್ಕಾರ ಆ ಮಿತಿ ತೆಗೆದುಹಾಕಿತು. ನೋಡಿ, ಕೇಳಿದರೆ ನಿಯಮವೂ ಬದಲಾಗುತ್ತದೆ.

ರಾಜ್ಯದ ನೆರವು

ನಮ್ಮ ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ಇದೆ. ಅದು ಮಾಜಿ ಸೈನಿಕರ ಮಕ್ಕಳಿಗೆ ಪುಸ್ತಕ ಅನುದಾನ, ಶಿಷ್ಯವೇತನ ಕೊಡುತ್ತದೆ. ಎಂಜಿನಿಯರಿಂಗ್ ಮುಂತಾದ ಓದಿಗೆ ಸಿಇಟಿ ಪರೀಕ್ಷೆ ಇದೆಯಲ್ಲ, ಅದರಲ್ಲೂ ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ಅರ್ಜಿ ತುಂಬುವಾಗ ಅದನ್ನು ಗುರುತು ಹಾಕಬೇಕು. ಗುರುತು ಹಾಕದಿದ್ದರೆ ಯಾರೂ ಕರೆದು ಕೊಡುವುದಿಲ್ಲ.

ಸೈನಿಕ ಶಾಲೆಗಳೂ ಇವೆ. ವಿಜಯಪುರದ ಸೈನಿಕ ಶಾಲೆ 1963ರಲ್ಲಿ ಶುರುವಾಯಿತು. ಕೊಡಗಿನಲ್ಲಿ ಇನ್ನೊಂದು ಇದೆ. ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗೆ ಅಲ್ಲಿ ಸೀಟು ಮೀಸಲು ಇದೆ. ಆರನೆಯ ತರಗತಿಗೆ ಸೇರಲು ಮಗುವಿನ ವಯಸ್ಸು 10ರಿಂದ 12ರ ಒಳಗೆ ಇರಬೇಕು. ಪ್ರವೇಶ ಪರೀಕ್ಷೆ ಬರೆಯಬೇಕು. ಮೊದಲು ಗಂಡುಹುಡುಗರಿಗೆ ಮಾತ್ರ ಇತ್ತು. ಈಗ ಹೆಣ್ಣುಮಕ್ಕಳೂ ಸೇರಬಹುದು.

ಬೇರೆ ದೇಶದಲ್ಲಿ ಏನು ಮಾಡಿದರು?

ಇಂಥ ನೆರವು ನಮ್ಮಲ್ಲಿ ಮಾತ್ರ ಅಲ್ಲ. ಎರಡನೆಯ ಮಹಾಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಅಮೆರಿಕ ಒಂದು ಕಾನೂನು ಮಾಡಿತು. ಯುದ್ಧದಿಂದ ಮರಳಿದ ಸೈನಿಕರಿಗೆ ಓದಿನ ಖರ್ಚು ಸರ್ಕಾರದ್ದು ಅಂತ. ಸುಮಾರು 78 ಲಕ್ಷ ಜನ ಅದರಿಂದ ಓದಿದರು, ಇಲ್ಲವೇ ಕೆಲಸ ಕಲಿತರು. ಅವರಲ್ಲಿ ಸುಮಾರು 22 ಲಕ್ಷ ಜನ ಕಾಲೇಜು ಮೆಟ್ಟಿಲು ಹತ್ತಿದರು. ರೈತರ ಮಕ್ಕಳು, ಕೂಲಿಯವರ ಮಕ್ಕಳು ಎಂಜಿನಿಯರು, ಮೇಷ್ಟ್ರು ಆದರು. ಬಂದೂಕು ಹಿಡಿದ ಕೈಗೆ ಪುಸ್ತಕ ಬಂತು. ದೇಶವೂ ಮುಂದೆ ಬಂತು.

ಅರ್ಜಿ ಹಾಕುವುದು ಹೇಗೆ?

ಮೊದಲು ಕಾಗದ ಕೂಡಿಸಿಕೊಳ್ಳಿ. ಈ ಪಟ್ಟಿ ಗಟ್ಟಿಯಾಗಿ ಓದಿ:

1. ಡಿಸ್ಚಾರ್ಜ್ ಬುಕ್.
2. ಪಿಂಚಣಿ ಆದೇಶ. ಇದಕ್ಕೆ ಪಿಪಿಒ ಅನ್ನುತ್ತಾರೆ.
3. ಮಾಜಿ ಸೈನಿಕರ ಗುರುತಿನ ಚೀಟಿ. ಗಂಡ ತೀರಿಕೊಂಡಿದ್ದರೆ ವಿಧವೆಯ ಗುರುತಿನ ಚೀಟಿ.
4. ಮಗುವಿನ ಅಂಕಪಟ್ಟಿ.
5. ಆಧಾರ್ ಕಾರ್ಡ್.
6. ಬ್ಯಾಂಕ್ ಪಾಸ್‌ಬುಕ್.
7. ಗಂಡ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ.

ಅರ್ಜಿ ಹಾಕುವುದು ಕಂಪ್ಯೂಟರಿನಲ್ಲಿ. ಕೇಂದ್ರೀಯ ಸೈನಿಕ ಮಂಡಳಿಯ ಜಾಲತಾಣದಲ್ಲಿ. ಮನೆಯಲ್ಲಿ ಓದಿದ ಮಕ್ಕಳಿದ್ದರೆ ಅವರೇ ತುಂಬಬಹುದು. ಇಲ್ಲದಿದ್ದರೆ ಆನ್‌ಲೈನ್ ಅಂಗಡಿಗೆ ಹೋಗಬೇಕು. ಆ ಅರ್ಜಿಯನ್ನು ಮೊದಲು ಜಿಲ್ಲೆಯ ಸೈನಿಕ ಕಚೇರಿಯವರು ನೋಡುತ್ತಾರೆ. ಅಲ್ಲಿಂದ ರಾಜ್ಯಕ್ಕೆ, ರಾಜ್ಯದಿಂದ ದೆಹಲಿಗೆ ಹೋಗುತ್ತದೆ. ದುಡ್ಡು ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತದೆ.

ನಿಮ್ಮ ಜಿಲ್ಲೆ ಯಾವುದು ಅಂತ ಸರಿಯಾಗಿ ಬರೆಯಿರಿ. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಹೊಸಪೇಟೆ, ಹಂಪಿ ಅದಕ್ಕೆ ಸೇರಿದವು. ಕಂಪ್ಲಿ, ಸಂಡೂರು ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ.

ಎಚ್ಚರ! ಎಚ್ಚರ!

ಅರ್ಜಿಗೆ ಸರ್ಕಾರದ ಶುಲ್ಕ ಇಲ್ಲ. ಟೈಪು ಮಾಡಿದವರಿಗೆ, ಜೆರಾಕ್ಸಿಗೆ ಕೊಡುವ ದುಡ್ಡು ಮಾತ್ರ ಖರ್ಚು. “ನಾನು ಮಾಡಿಸಿಕೊಡ್ತೀನಿ, ಅರ್ಧ ನನಗೆ ಕೊಡು” ಅನ್ನುವವರನ್ನು ನಂಬಬೇಡಿ.

ಮೂಲ ಕಾಗದವನ್ನು ಯಾರ ಕೈಗೂ ಬಿಟ್ಟುಬರಬೇಡಿ. ತೋರಿಸಿ, ವಾಪಸ್ ತಗೊಂಡು ಬನ್ನಿ.

ಫೋನಿನಲ್ಲಿ ಯಾರಾದರೂ ಓಟಿಪಿ ಕೇಳಿದರೆ ಹೇಳಬೇಡಿ.

ಓದದೆ ಸಹಿ ಮಾಡಬೇಡಿ. ಓದಲು ಬರುತ್ತದಲ್ಲ ಈಗ!

ಒಂದೇ ಓದಿಗೆ ಎರಡು ಕಡೆ ಅನುದಾನ ತಗೊಳ್ಳುವಂತಿಲ್ಲ. ಬೇರೆ ಕಡೆ ತಗೊಂಡಿಲ್ಲ ಅಂತ ಬರೆದುಕೊಡಬೇಕಾಗುತ್ತದೆ. ಸುಳ್ಳು ಬರೆಯಬೇಡಿ.

ಹೆಸರು ಸರಿ ಇದೆಯೇ?

ಬಹಳ ಅರ್ಜಿ ನಿಲ್ಲುವುದು ಹೆಸರಿನ ತೊಡಕಿನಿಂದ. ಒಂದು ಕಡೆ ಗಂಗಾ, ಇನ್ನೊಂದು ಕಡೆ ಗಂಗಮ್ಮ. ಒಂದು ಕಡೆ ಹುಟ್ಟಿದ್ದು ಜೂನ್, ಇನ್ನೊಂದು ಕಡೆ ಜುಲೈ. ನಮಗೆ ಇಬ್ಬರೂ ಒಬ್ಬರೇ. ಕಾಗದಕ್ಕೆ ಇಬ್ಬರೂ ಬೇರೆ.

ಮಕ್ಕಳ ಹೆಸರು ಸೈನ್ಯದ ದಾಖಲೆಯಲ್ಲಿ ಇರಬೇಕು. ದಾಖಲೆ ಇರುವುದು ಆ ದಳದ ರೆಕಾರ್ಡ್ ಆಫೀಸಿನಲ್ಲಿ. ಮರಾಠಾ ದಳದ್ದು ಬೆಳಗಾವಿಯಲ್ಲಿ. ಮದ್ರಾಸ್ ಸ್ಯಾಪರ್ಸ್ ದಳದ್ದು ಬೆಂಗಳೂರಿನಲ್ಲಿ. ಹೆಸರು ಸೇರಿಸಬೇಕಾದರೆ ಜನನ ಪ್ರಮಾಣಪತ್ರ ಕೊಟ್ಟು ಜಿಲ್ಲೆಯ ಸೈನಿಕ ಕಚೇರಿಯ ಮೂಲಕ ಬರೆಯಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ನಿಮ್ಮ ಮಗ, ಅಳಿಯ, ತಮ್ಮ ಈಗ ಸೈನ್ಯದಲ್ಲಿ ಇದ್ದಾರೆಯೇ? ರಜೆಗೆ ಬಂದಾಗ ಕೇಳಿ: “ನಿನ್ನ ಹೆಂಡತಿ ಹೆಸರು, ಮಕ್ಕಳ ಹೆಸರು ಬರೆಸೀಯೇನಪ್ಪ?” ಸೇವೆಯಲ್ಲಿ ಇರುವಾಗ ಬರೆಸುವುದು ಸುಲಭ. ಅವರು ಇಲ್ಲವಾದ ಮೇಲೆ ಬರೆಸುವುದು ಕಷ್ಟ.

ಅಕ್ಕನ ಮನೆಯಲ್ಲಿ ಏನಾಯಿತು?

ಈಗ ಟ್ರಂಕಿನ ಕಥೆಗೆ ಬರೋಣ.

ಮಗಳ ಹೆಸರಿನ ತೊಡಕಿಗೆ ನೋಟರಿ ಹತ್ತಿರ ಪ್ರಮಾಣಪತ್ರ ಮಾಡಿಸಿದೆವು. ಎರಡು ಹೆಸರಿನವಳೂ ಒಬ್ಬಳೇ ಅಂತ. ಸೈನಿಕ ಕಚೇರಿಗೆ ಅಕ್ಕ ಮೊದಲ ಸಲ ನನ್ನ ಜೊತೆ ಬಂದರು. ಎರಡನೆಯ ಸಲ ಒಬ್ಬರೇ ಹೋದರು. ಬಸ್ಸಿನ ಬೋರ್ಡು ಓದಿಕೊಂಡು ಹತ್ತಿದರಂತೆ.

ಒಂದು ತಪ್ಪು ನನ್ನಿಂದಲೇ ಆಯಿತು. ಮೂಲ ಕಾಗದದ ಬದಲು ಜೆರಾಕ್ಸನ್ನು ಕಂಪ್ಯೂಟರಿಗೆ ಹಾಕಿಸಿದ್ದೆ. ಅರ್ಜಿ ವಾಪಸ್ ಬಂತು. ಮತ್ತೆ ಮೂಲ ಕಾಗದ ಹಾಕಿಸಿ ಕಳಿಸಿದೆವು. ನೀವು ಈ ತಪ್ಪು ಮಾಡಬೇಡಿ.

ಮಗನ ಹೆಸರು ಸೇರಲು ಐದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವನ ಆ ವರ್ಷದ ಅವಧಿ ಮುಗಿದಿತ್ತು. ಅದಕ್ಕೂ ಹಿಂದಿನ ವರ್ಷಗಳ ದುಡ್ಡು ಮೊದಲೇ ಹೋಗಿತ್ತು. ಒಂದನೆಯ ತರಗತಿಯಿಂದ ಸಿಗಬೇಕಾಗಿದ್ದ ದುಡ್ಡು ಅದು. ಅಕ್ಕ ಆ ದಿನ ಅತ್ತರು. “ಪುಸ್ತಕ ನನ್ನ ತಲಿ ಹತ್ರಾನ ಇತ್ತಲ್ರಿ. ಓದಾಕ ಬರಲಿಲ್ಲ ನನಗ” ಅಂದರು. ನನಗೆ ಉತ್ತರ ಹೊಳೆಯಲಿಲ್ಲ. ಈ ಪಾಠ ಬರೆಯಲು ಕೂತದ್ದು ಆ ಮಾತಿನಿಂದಲೇ.

ಮಗಳು ನರ್ಸಿಂಗ್ ಕಾಲೇಜಿಗೆ ಸೇರಿದ್ದಾಳೆ. ಮೊದಲ ಕಂತಿಗೆ ಅಕ್ಕ ಸ್ತ್ರೀಶಕ್ತಿ ಸಂಘದಲ್ಲಿ ಸಾಲ ತಗೊಂಡರು. ಪ್ರಧಾನಮಂತ್ರಿ ವಿದ್ಯಾರ್ಥಿವೇತನದ ಅರ್ಜಿ ಹೋಗಿದೆ. ಫಲ ಇನ್ನೂ ಬಂದಿಲ್ಲ. ಮಗನ ಅರ್ಜಿ ಈ ವರ್ಷ ಸರಿಯಾದ ಹೊತ್ತಿಗೆ ಹೋಗಿದೆ.

ಆದರೆ ಮಗಳ ಪಿಯುಸಿ ವರ್ಷದ ಅನುದಾನ ಬಂತು. ಅಕ್ಕ ಪಾಸ್‌ಬುಕ್ಕು ತಗೊಂಡು ಕೇಂದ್ರಕ್ಕೆ ಬಂದರು. ಎಲ್ಲರ ಮುಂದೆ ನಿಂತು ತಾರೀಖು ಓದಿದರು. ಅಂಕಿ ಓದಿದರು. ಅಣ್ಣನಿಗೂ ಓದಿ ತೋರಿಸಿದರಂತೆ. ಅಣ್ಣ ಈಗ ಮದುವೆ ಮಾತು ಎತ್ತುತ್ತಿಲ್ಲ.

ಅಕ್ಕಂದಿರೇ, ನಿಮ್ಮ ಓಣಿಯಲ್ಲಿ ಇಂಥ ಕರೀ ಟ್ರಂಕು ಯಾರ ಮನೆಯಲ್ಲಿದೆ? ಇವತ್ತೇ ಹೋಗಿ ಹೇಳಿ. ಟ್ರಂಕು ತೆಗೆಸಿ. ಆ ಪುಸ್ತಕ ಓದಿ.

ಉತ್ತರ ಹೇಳಿ

1. ನೆತ್ತರುಗೊಡಗೆ ಅಂದರೆ ಏನು?
2. ಶಿಕ್ಷಣ ಅನುದಾನ ಒಂದು ಮನೆಯಲ್ಲಿ ಎಷ್ಟು ಮಕ್ಕಳಿಗೆ ಸಿಗುತ್ತದೆ?
3. ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಹೆಣ್ಣುಮಕ್ಕಳಿಗೆ ತಿಂಗಳಿಗೆ ಎಷ್ಟು? ನಾಲ್ಕು ವರ್ಷಕ್ಕೆ ಎಷ್ಟಾಗುತ್ತದೆ? ಲೆಕ್ಕ ಮಾಡಿ.
4. ಆ ಅರ್ಜಿಯನ್ನು ಕಾಲೇಜಿನ ಯಾವ ವರ್ಷದಲ್ಲಿ ಹಾಕಬೇಕು?
5. ನಿಮ್ಮ ಮಕ್ಕಳ ಹೆಸರು ಆಧಾರ್ ಕಾರ್ಡಿನಲ್ಲಿ, ಅಂಕಪಟ್ಟಿಯಲ್ಲಿ ಒಂದೇ ಥರ ಇದೆಯೇ? ಇಂದು ಮನೆಗೆ ಹೋಗಿ ನೋಡಿ. ನಾಳೆ ಕೇಂದ್ರಕ್ಕೆ ಬಂದು ಹೇಳಿ.